ಥೈರಾಯ್ಡ್ ಕ್ಯಾನ್ಸರ್‌ಗೂ ಊಟಕ್ಕೂ ಎಷ್ಟು ನಂಟು?

ಕೊರಳಿನಲ್ಲಿ ಒಂದು ಗಂಟು ಕಾಣಿಸಿಕೊಂಡರೆ ಮನೆಯವರ ಕಣ್ಣೆಲ್ಲ ಮೊದಲು ಹೋಗುವುದು ಅಡುಗೆಮನೆಯ ಕಡೆಗೆ. ‘ಎಲೆಕೋಸು ತಿಂದದ್ದೇ ಕಾರಣ’ ಎಂದು ಒಬ್ಬರು ಹೇಳುತ್ತಾರೆ. ‘ಅಯೋಡಿನ್ ಉಪ್ಪು ಬಂದ ಮೇಲೆಯೇ ಈ ಕಾಯಿಲೆಗಳೆಲ್ಲ ಶುರುವಾದದ್ದು, ಹಳೆಯ ಕಲ್ಲುಪ್ಪಿಗೇ ಹೋಗೋಣ’ ಎಂದು ಇನ್ನೊಬ್ಬರು ಸಲಹೆ ಕೊಡುತ್ತಾರೆ. ಮೀನು ಬಿಡಿ ಎನ್ನುವವರು, ಮೀನು ಹೆಚ್ಚು ತಿನ್ನಿ ಎನ್ನುವವರು ಇಬ್ಬರೂ ನೆರೆಹೊರೆಯಲ್ಲಿ ಸಿಗುತ್ತಾರೆ. ಈ ಚರ್ಚೆಯಲ್ಲಿ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಕಳೆದುಹೋಗುತ್ತವೆ. ಗಂಟನ್ನು ಮುಟ್ಟಿ ನೋಡಬೇಕಾದ ವೈದ್ಯರ ಬಳಿಗೆ ಮಾತ್ರ ಯಾರೂ ಹೋಗಿರುವುದಿಲ್ಲ.

ಆಹಾರಕ್ಕೂ ಥೈರಾಯ್ಡ್ ಗ್ರಂಥಿಗೂ ಹತ್ತಿರದ ಸಂಬಂಧವಿರುವುದು ನಿಜ. ದೇಹದ ಬೇರಾವ ಗ್ರಂಥಿಯೂ ಉಪ್ಪಿನ ಡಬ್ಬಿಯನ್ನು ಇಷ್ಟೊಂದು ಅವಲಂಬಿಸಿಲ್ಲ. ಆದರೆ ಈ ಗ್ರಂಥಿಯ ಕ್ಯಾನ್ಸರ್‌ಗೆ ನಾವು ತಿನ್ನುವುದು ಎಷ್ಟರಮಟ್ಟಿಗೆ ಕಾರಣ, ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂಬುದನ್ನು ಸರಿಯಾಗಿ ತಿಳಿದುಕೊಳ್ಳದಿದ್ದರೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ಚಿಟ್ಟೆಯಾಕಾರದ ಗ್ರಂಥಿ

ಕುತ್ತಿಗೆಯ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಯ ಸ್ವಲ್ಪ ಕೆಳಗೆ, ಶ್ವಾಸನಾಳವನ್ನು ಅಪ್ಪಿಕೊಂಡಂತೆ ಥೈರಾಯ್ಡ್ ಗ್ರಂಥಿ ಇದೆ. ರೆಕ್ಕೆ ಬಿಚ್ಚಿದ ಚಿಟ್ಟೆಯ ಆಕಾರ. ತೂಕ ಸುಮಾರು 20 ಗ್ರಾಂ. ಇದು ತಯಾರಿಸುವ ಟಿ-4 ಮತ್ತು ಟಿ-3 ಎಂಬ ಹಾರ್ಮೋನುಗಳು ದೇಹದ ಶಾಖ, ಹೃದಯದ ಬಡಿತ, ಜೀರ್ಣಕ್ರಿಯೆ, ಮಕ್ಕಳ ಬೆಳವಣಿಗೆ, ಮಿದುಳಿನ ವಿಕಾಸ ಎಲ್ಲವನ್ನೂ ಹತೋಟಿಯಲ್ಲಿಡುತ್ತವೆ. ಈ ಹಾರ್ಮೋನುಗಳ ತಯಾರಿಕೆಗೆ ಅಯೋಡಿನ್ ಬೇಕೇ ಬೇಕು. ದೇಹ ಅದನ್ನು ತಾನಾಗಿ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಬರಬೇಕು.

ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಸಾಕು. ಗರ್ಭಿಣಿಯರಿಗೆ ಮತ್ತು ಎದೆಹಾಲುಣಿಸುವ ತಾಯಂದಿರಿಗೆ 250 ಮೈಕ್ರೋಗ್ರಾಂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಮೈಕ್ರೋಗ್ರಾಂ ಎಂದರೆ ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲು. ಜೀವಮಾನವಿಡೀ ನಮಗೆ ಬೇಕಾಗುವ ಅಯೋಡಿನ್ ಒಂದು ಟೀ ಚಮಚದಲ್ಲಿ ಹಿಡಿಸೀತು. ಆದರೆ ಅದು ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಸಿಗುತ್ತಿರಬೇಕು.

ಅಯೋಡಿನ್ ಸಾಲದಾದಾಗ ಏನಾಗುತ್ತದೆ? ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಇಳಿಯುತ್ತದೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಇದನ್ನು ಗಮನಿಸಿ ಟಿ.ಎಸ್.ಎಚ್. ಎಂಬ ಇನ್ನೊಂದು ಹಾರ್ಮೋನನ್ನು ಹೆಚ್ಚು ಹೆಚ್ಚಾಗಿ ಸುರಿಸುತ್ತದೆ. ‘ಕೆಲಸ ಮಾಡು, ಇನ್ನಷ್ಟು ಮಾಡು’ ಎಂದು ಥೈರಾಯ್ಡಿಗೆ ಕೊಡುವ ಆಜ್ಞೆ ಅದು. ಕಚ್ಚಾವಸ್ತುವೇ ಇಲ್ಲದ ಗ್ರಂಥಿ ತನ್ನ ಜೀವಕೋಶಗಳನ್ನು ಹೆಚ್ಚಿಸಿಕೊಂಡು ಊದಿಕೊಳ್ಳುತ್ತದೆ. ಇದೇ ಗಳಗಂಡ. ವರ್ಷಗಟ್ಟಲೆ ಹೀಗೆ ಜೀವಕೋಶಗಳು ವಿಭಜನೆಯಾಗುತ್ತಾ ಹೋದಾಗ ಗಂಟುಗಳು ಮೂಡುತ್ತವೆ. ವಿಭಜನೆ ಹೆಚ್ಚಿದಷ್ಟೂ ಎಲ್ಲೋ ಒಂದು ಕಡೆ ತಪ್ಪಾಗುವ ಸಾಧ್ಯತೆಯೂ ಹೆಚ್ಚುತ್ತದೆ. ಆಹಾರಕ್ಕೂ ಈ ಕ್ಯಾನ್ಸರ್‌ಗೂ ಇರುವ ನಂಟಿನ ಮೊದಲ ಎಳೆ ಇಲ್ಲಿದೆ.

ಎಲ್ಲ ಕ್ಯಾನ್ಸರೂ ಒಂದೇ ಅಲ್ಲ

ಥೈರಾಯ್ಡ್ ಕ್ಯಾನ್ಸರ್‌ನಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಪ್ಯಾಪಿಲರಿ ಎಂಬುದು ಎಲ್ಲಕ್ಕಿಂತ ಸಾಮಾನ್ಯವಾದದ್ದು. ಹತ್ತರಲ್ಲಿ ಎಂಟು ರೋಗಿಗಳಲ್ಲಿ ಕಾಣುವುದು ಇದೇ. ನಿಧಾನವಾಗಿ ಬೆಳೆಯುತ್ತದೆ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಸಕಾಲದಲ್ಲಿ ಚಿಕಿತ್ಸೆ ಪಡೆದ ಬಹುಪಾಲು ರೋಗಿಗಳು ಪೂರ್ಣಾಯುಷ್ಯ ಬದುಕುತ್ತಾರೆ. ಎರಡನೆಯದು ಫಾಲಿಕ್ಯುಲರ್. ಇದು ರಕ್ತದ ಮೂಲಕ ಮೂಳೆ, ಶ್ವಾಸಕೋಶಗಳಿಗೆ ಹರಡುವ ಸ್ವಭಾವದ್ದು. ಮೂರನೆಯದಾದ ಮೆಡ್ಯುಲರಿ ಬಗೆಯಲ್ಲಿ ಸುಮಾರು ಕಾಲು ಭಾಗ ವಂಶಪಾರಂಪರ್ಯವಾಗಿ ಬರುವಂಥದ್ದು. ಇದಕ್ಕೂ ಆಹಾರಕ್ಕೂ ಸಂಬಂಧವಿಲ್ಲ. ಕೊನೆಯದು ಅನಾಪ್ಲಾಸ್ಟಿಕ್. ಬಹಳ ಅಪರೂಪ, ಹೆಚ್ಚಾಗಿ ವೃದ್ಧರಲ್ಲಿ ಕಾಣುತ್ತದೆ, ಅತ್ಯಂತ ಉಗ್ರ.

ಅಯೋಡಿನ್ ಕೊರತೆಯಿರುವ ಪ್ರದೇಶಗಳಲ್ಲಿ ಫಾಲಿಕ್ಯುಲರ್ ಮತ್ತು ಅನಾಪ್ಲಾಸ್ಟಿಕ್ ಬಗೆಗಳ ಪಾಲು ಹೆಚ್ಚಾಗಿರುತ್ತದೆ. ಅಲ್ಲಿನ ಜನರಿಗೆ ಅಯೋಡಿನ್ ಸಿಗಲಾರಂಭಿಸಿದ ಮೇಲೆ ಈ ಎರಡು ಬಗೆಗಳು ಇಳಿದು, ಸೌಮ್ಯವಾದ ಪ್ಯಾಪಿಲರಿ ಬಗೆಯ ಪಾಲು ಏರುವುದನ್ನು ಹಲವು ದೇಶಗಳಲ್ಲಿ ಗಮನಿಸಿದ್ದಾರೆ. ‘ಅಯೋಡಿನ್ ಉಪ್ಪಿನಿಂದ ಕ್ಯಾನ್ಸರ್ ಬರುತ್ತದೆ’ ಎಂಬ ಮಾತು ಹುಟ್ಟಿಕೊಂಡಿರುವುದು ಈ ಬದಲಾವಣೆಯನ್ನು ಅರ್ಧ ಮಾತ್ರ ಓದಿಕೊಂಡವರಿಂದ. ಉಳಿದರ್ಧವನ್ನೂ ಓದಿದರೆ, ಅಪಾಯಕಾರಿ ಬಗೆಗಳು ಕಡಿಮೆಯಾದದ್ದು ಅಯೋಡಿನ್‌ನಿಂದಲೇ ಎಂಬುದು ತಿಳಿಯುತ್ತದೆ.

ಗಂಡಸರಿಗಿಂತ ಹೆಂಗಸರಲ್ಲಿ ಈ ಕ್ಯಾನ್ಸರ್ ಸುಮಾರು ಮೂರು ಪಟ್ಟು ಹೆಚ್ಚು. ಆದ್ದರಿಂದ ಮನೆಯ ಹೆಂಗಸರು ತಮ್ಮ ಕೊರಳಿನ ಬದಲಾವಣೆಯನ್ನು ‘ಆಮೇಲೆ ನೋಡೋಣ’ ಎಂದು ಮುಂದೂಡಬಾರದು.

ಕಾಂಗ್ರಾ ಕಣಿವೆಯ ಪಾಠ

ಹಿಮಾಲಯದ ತಪ್ಪಲಿನಲ್ಲಿ ಮಳೆ ಮತ್ತು ಹಿಮ ಸಾವಿರಾರು ವರ್ಷಗಳಿಂದ ಮಣ್ಣಿನ ಅಯೋಡಿನ್ನನ್ನು ತೊಳೆದು ಸಮುದ್ರಕ್ಕೆ ಸೇರಿಸಿವೆ. ಆ ಮಣ್ಣಿನಲ್ಲಿ ಬೆಳೆದ ಧಾನ್ಯ, ತರಕಾರಿ, ಹುಲ್ಲು, ಹುಲ್ಲು ಮೇಯ್ದ ಹಸುವಿನ ಹಾಲು ಯಾವುದರಲ್ಲೂ ಸಾಕಷ್ಟು ಅಯೋಡಿನ್ ಇರುವುದಿಲ್ಲ. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಒಂದು ಪ್ರಯೋಗ ಆರಂಭಿಸಿದರು. ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿ, ಎರಡು ವಲಯಗಳಿಗೆ ಅಯೋಡಿನ್ ಬೆರೆಸಿದ ಉಪ್ಪನ್ನೂ ಒಂದಕ್ಕೆ ಸಾದಾ ಉಪ್ಪನ್ನೂ ಒದಗಿಸಿದರು. ಕೆಲವೇ ವರ್ಷಗಳಲ್ಲಿ ಮೊದಲ ಎರಡು ವಲಯಗಳಲ್ಲಿ ಗಳಗಂಡ ಗಮನಾರ್ಹವಾಗಿ ಇಳಿಯಿತು. 1962ರಲ್ಲಿ ಆರಂಭವಾದ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮಕ್ಕೆ ಬುನಾದಿಯಾದದ್ದು ಈ ಪ್ರಯೋಗವೇ. 1992ರಲ್ಲಿ ಇದರ ಹೆಸರು ಅಯೋಡಿನ್ ಕೊರತೆ ರೋಗಗಳ ನಿಯಂತ್ರಣ ಕಾರ್ಯಕ್ರಮ ಎಂದು ಬದಲಾಯಿತು.

ಗಳಗಂಡ ಬರೀ ಹಿಮಾಲಯದವರ ಕಾಯಿಲೆ ಎಂದು ನಾವು ದಕ್ಷಿಣದವರು ನಿಶ್ಚಿಂತರಾಗಿರುವಂತಿಲ್ಲ. ಭಾರಿ ಮಳೆ ಬೀಳುವ ನಮ್ಮ ಮಲೆನಾಡಿನಲ್ಲೂ ಅದು ಹೊಸದೇನಲ್ಲ. ಅಯೋಡಿನ್ ಇಲ್ಲದ ಉಪ್ಪನ್ನು ನೇರ ಸೇವನೆಗಾಗಿ ಮಾರುವುದನ್ನು 2006ರಿಂದ ದೇಶದಾದ್ಯಂತ ನಿಷೇಧಿಸಿರುವುದು ಈ ಕಾರಣದಿಂದಲೇ.

ಚೆರ್ನೋಬಿಲ್‌ನ ಹಾಲು

ಆಹಾರದ ಮೂಲಕ ಥೈರಾಯ್ಡ್ ಕ್ಯಾನ್ಸರ್ ಬಂದದ್ದಕ್ಕೆ ಜಗತ್ತು ಕಂಡ ಅತ್ಯಂತ ಸ್ಪಷ್ಟ ಉದಾಹರಣೆ ಚೆರ್ನೋಬಿಲ್. 1986ರ ಏಪ್ರಿಲ್ 26ರಂದು ಅಂದಿನ ಸೋವಿಯತ್ ಒಕ್ಕೂಟಕ್ಕೆ ಸೇರಿದ್ದ ಉಕ್ರೇನಿನ ಅಣು ವಿದ್ಯುತ್ ಸ್ಥಾವರ ಸ್ಫೋಟಗೊಂಡಿತು. ಹೊರಬಿದ್ದ ವಸ್ತುಗಳಲ್ಲಿ ವಿಕಿರಣಶೀಲ ಅಯೋಡಿನ್-131 ಕೂಡ ಇತ್ತು. ಗಾಳಿಯಲ್ಲಿ ತೇಲಿ ಬಂದು ಹುಲ್ಲಿನ ಮೇಲೆ ಕುಳಿತ ಅದು ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಹಾಲಿಗೆ, ಹಾಲಿನಿಂದ ಮಕ್ಕಳ ಹೊಟ್ಟೆಗೆ ಸೇರಿತು. ಥೈರಾಯ್ಡ್ ಗ್ರಂಥಿಗೆ ಒಳ್ಳೆಯ ಅಯೋಡಿನ್ ಯಾವುದು, ವಿಕಿರಣ ಸೂಸುವ ಅಯೋಡಿನ್ ಯಾವುದು ಎಂಬ ಭೇದ ತಿಳಿಯದು. ಸಿಕ್ಕಿದ್ದನ್ನೆಲ್ಲ ಹೀರಿಕೊಳ್ಳುತ್ತದೆ. ಮಕ್ಕಳ ಗ್ರಂಥಿ ಚಿಕ್ಕದು, ಕುಡಿಯುವ ಹಾಲು ಹೆಚ್ಚು. ಹೀಗಾಗಿ ಅವರಿಗೇ ಹೆಚ್ಚಿನ ಪೆಟ್ಟು ಬಿತ್ತು.

ನಾಲ್ಕೈದು ವರ್ಷಗಳಲ್ಲಿ ಬೆಲಾರೂಸ್, ಉಕ್ರೇನ್ ಮತ್ತು ರಷ್ಯಾದ ಕೆಲ ಭಾಗಗಳ ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಏರತೊಡಗಿತು. ಅಪಘಾತದ ವೇಳೆ 18 ವರ್ಷದೊಳಗಿದ್ದವರಲ್ಲಿ 1991ರಿಂದ 2015ರವರೆಗೆ ಸುಮಾರು 19,000 ಮಂದಿಗೆ ಈ ಕ್ಯಾನ್ಸರ್ ಪತ್ತೆಯಾಯಿತು. ಅದರಲ್ಲಿ ಸುಮಾರು ಕಾಲು ಭಾಗಕ್ಕೆ ವಿಕಿರಣವೇ ಕಾರಣವೆಂದು ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿ ಅಂದಾಜು ಮಾಡಿದೆ.

ನಮ್ಮ ವಿಷಯಕ್ಕೆ ಇನ್ನೂ ಮುಖ್ಯವಾದದ್ದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಬೆಲಾರೂಸ್ ಮತ್ತು ರಷ್ಯಾದ ಮಕ್ಕಳನ್ನು ಪರಿಶೀಲಿಸಿದಾಗ, ಒಂದೇ ಪ್ರಮಾಣದ ವಿಕಿರಣಕ್ಕೆ ಸಿಕ್ಕಿದ್ದರೂ ಅಯೋಡಿನ್ ಕೊರತೆಯ ಊರುಗಳ ಮಕ್ಕಳಲ್ಲಿ ಕ್ಯಾನ್ಸರ್ ಅಪಾಯ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಹಸಿದ ಗ್ರಂಥಿ ಹೆಚ್ಚು ಹೀರಿಕೊಂಡಿತ್ತು. ಪಕ್ಕದ ಪೋಲೆಂಡಿನಲ್ಲಿ ಸರ್ಕಾರ ಕೆಲವೇ ದಿನಗಳಲ್ಲಿ ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಪೊಟ್ಯಾಶಿಯಂ ಅಯೋಡೈಡ್ ಕುಡಿಸಿತ್ತು. ಒಳ್ಳೆಯ ಅಯೋಡಿನ್‌ನಿಂದ ತುಂಬಿದ ಗ್ರಂಥಿಯಲ್ಲಿ ವಿಕಿರಣದ ಅಯೋಡಿನ್‌ಗೆ ಜಾಗವಿರುವುದಿಲ್ಲ ಎಂಬುದು ಇದರ ಹಿಂದಿನ ತತ್ತ್ವ.

ಬಾಲ್ಯದಲ್ಲಿ ಕುತ್ತಿಗೆಗೆ ತಗಲುವ ವಿಕಿರಣವೇ ಥೈರಾಯ್ಡ್ ಕ್ಯಾನ್ಸರ್‌ಗೆ ಇದುವರೆಗೆ ತಿಳಿದಿರುವ ಅತ್ಯಂತ ಖಚಿತವಾದ ಕಾರಣ. ಆದ್ದರಿಂದ ಮಕ್ಕಳಿಗೆ ತಲೆ, ಕುತ್ತಿಗೆಯ ಸಿ.ಟಿ. ಸ್ಕ್ಯಾನನ್ನು ವೈದ್ಯರು ಅಗತ್ಯವೆಂದಾಗ ಮಾತ್ರ ಮಾಡಿಸಿ. ‘ಒಂದು ಸಲ ನೋಡಿಬಿಡೋಣ’ ಎಂದು ನೀವಾಗಿ ಒತ್ತಾಯಿಸಬೇಡಿ. ಹಾಗೆಂದು ಅಗತ್ಯವಿದ್ದಾಗ ಹೆದರಿ ಬಿಡಲೂಬೇಡಿ.

ಎಲೆಕೋಸು ಅಪರಾಧಿಯೇ?

ಎಲೆಕೋಸಿಗೆ ಕೆಟ್ಟ ಹೆಸರು ಬಂದದ್ದು ಮೊಲಗಳಿಂದ. 1928ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಬೇರೊಂದು ಪ್ರಯೋಗಕ್ಕಾಗಿ ಸಾಕಿದ್ದ ಮೊಲಗಳಿಗೆ ಮುಖ್ಯವಾಗಿ ಎಲೆಕೋಸನ್ನೇ ತಿನ್ನಿಸುತ್ತಿದ್ದರು. ಆ ಮೊಲಗಳ ಥೈರಾಯ್ಡ್ ಊದಿಕೊಂಡಿತು. ಎಲೆಕೋಸು, ಹೂಕೋಸು, ನವಿಲುಕೋಸು, ಮೂಲಂಗಿ, ಸಾಸಿವೆ ಎಲ್ಲವೂ ಒಂದೇ ಕುಟುಂಬದ ಸಸ್ಯಗಳು. ಇವುಗಳಲ್ಲಿರುವ ಗಂಧಕಯುಕ್ತ ಪದಾರ್ಥಗಳಿಂದ ಹುಟ್ಟುವ ಕೆಲವು ರಾಸಾಯನಿಕಗಳು ಗ್ರಂಥಿಯು ಅಯೋಡಿನ್ ಹೀರುವುದಕ್ಕೆ ಅಥವಾ ಅದನ್ನು ಬಳಸುವುದಕ್ಕೆ ಅಡ್ಡಿಯಾಗುತ್ತವೆ. ಮರಗೆಣಸು, ಸಜ್ಜೆ, ಸೋಯಾ ಅವರೆಗಳಲ್ಲೂ ಬೇರೆ ಬೇರೆ ಬಗೆಯ ಇಂಥ ಅಂಶಗಳಿವೆ.

ಆದರೆ ನಾವು ಮೊಲಗಳಲ್ಲ. ದಿನವಿಡೀ ಹಸಿ ಎಲೆಕೋಸನ್ನೇ ಮೆಲ್ಲುವುದಿಲ್ಲ. ವಾರಕ್ಕೆ ಒಂದೆರಡು ದಿನ ಪಲ್ಯ ಮಾಡಿ ತಿನ್ನುತ್ತೇವೆ. ಬೇಯಿಸಿದಾಗ ಈ ರಾಸಾಯನಿಕಗಳನ್ನು ಹುಟ್ಟಿಸುವ ಕಿಣ್ವ ಬಹುಮಟ್ಟಿಗೆ ನಾಶವಾಗುತ್ತದೆ. ಅಮೆರಿಕ, ಯುರೋಪ್, ಏಷ್ಯಾಗಳಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಕೋಸಿನ ಜಾತಿಯ ತರಕಾರಿ ತಿನ್ನುವವರಲ್ಲಿ ಥೈರಾಯ್ಡ್ ಕ್ಯಾನ್ಸರ್ ಹೆಚ್ಚಿರುವುದು ಕಂಡುಬರಲಿಲ್ಲ.

ಇದಕ್ಕೊಂದು ಅಪವಾದವಿದೆ, ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯಾ ದ್ವೀಪ. ಅಲ್ಲಿನ ಮೆಲನೇಷ್ಯನ್ ಮಹಿಳೆಯರಲ್ಲಿ ಥೈರಾಯ್ಡ್ ಕ್ಯಾನ್ಸರ್ ಜಗತ್ತಿನಲ್ಲೇ ಅತಿ ಹೆಚ್ಚು ಎನ್ನುವಷ್ಟಿತ್ತು. 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕೋಸಿನ ಜಾತಿಯ ತರಕಾರಿಗಳನ್ನು ಹೆಚ್ಚು ತಿನ್ನುವ ಮಹಿಳೆಯರಲ್ಲಿ ಅಪಾಯ ಹೆಚ್ಚಿತ್ತು. ಆದರೆ ಅದು ದಿನಕ್ಕೆ 96 ಮೈಕ್ರೋಗ್ರಾಂಗಿಂತ ಕಡಿಮೆ ಅಯೋಡಿನ್ ದೊರೆಯುತ್ತಿದ್ದವರಲ್ಲಿ ಮಾತ್ರ. ಅಯೋಡಿನ್ ಸಾಕಷ್ಟಿದ್ದವರಿಗೆ ತೊಂದರೆ ಕಾಣಲಿಲ್ಲ.

ನಮ್ಮ ಅಡುಗೆಮನೆಗೆ ಅನ್ವಯಿಸುವ ಪಾಠ ಇಷ್ಟೇ. ಉಪ್ಪಿನಲ್ಲಿ ಅಯೋಡಿನ್ ಇದ್ದರೆ ಎಲೆಕೋಸಿನ ಪಲ್ಯಕ್ಕೆ ಹೆದರಬೇಕಿಲ್ಲ. ಅಯೋಡಿನ್ ಉಪ್ಪನ್ನೂ ಬಿಟ್ಟು, ಮೀನು, ಮೊಟ್ಟೆ, ಹಾಲನ್ನೂ ಬಿಟ್ಟು, ‘ಆರೋಗ್ಯಕ್ಕೆ ಒಳ್ಳೆಯದು’ ಎಂದು ಪ್ರತಿದಿನ ಹಸಿ ಕೋಸಿನ ರಸ ಕುಡಿಯುವವರು ಮಾತ್ರ ಯೋಚಿಸಬೇಕು.

ಅತಿಯಾದರೆ ಅಮೃತವೂ ವಿಷ

ಕೊರತೆಯಿಂದ ತೊಂದರೆಯಾದರೆ ಅತಿಯಿಂದಲೂ ತೊಂದರೆಯಾಗುವುದಿಲ್ಲವೆ? ಇದಕ್ಕೆ ಉತ್ತರ ಹುಡುಕಲು ಜಪಾನ್ ಒಳ್ಳೆಯ ಜಾಗ. ಅಲ್ಲಿನವರು ಕಡಲ ಪಾಚಿಯನ್ನು ತರಕಾರಿಯಂತೆ ತಿನ್ನುತ್ತಾರೆ. ಅವರ ದೇಹಕ್ಕೆ ದಿನಕ್ಕೆ ಸೇರುವ ಅಯೋಡಿನ್ ನಮಗೆ ಬೇಕಾದದ್ದರ ಹತ್ತು ಪಟ್ಟೂ ಇರಬಹುದು. ಸುಮಾರು 52,000 ಜಪಾನಿ ಮಹಿಳೆಯರನ್ನು 14 ವರ್ಷಗಳ ಕಾಲ ಗಮನಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಹೆಚ್ಚುಕಡಿಮೆ ದಿನವೂ ಪಾಚಿ ತಿನ್ನುವ, ಮುಟ್ಟು ನಿಂತ ಮಹಿಳೆಯರಲ್ಲಿ ಪ್ಯಾಪಿಲರಿ ಕ್ಯಾನ್ಸರ್ ಹೆಚ್ಚಾಗಿ ಕಂಡಿತ್ತು. ಆದರೆ 2016ರಲ್ಲಿ ಅದೇ ದೇಶದ ಮತ್ತೊಂದು ಅಧ್ಯಯನಕ್ಕೆ ಅಂಥ ಸಂಬಂಧ ಕಾಣಲಿಲ್ಲ.

ನಮ್ಮ ಊಟದಲ್ಲಿ ಕಡಲ ಪಾಚಿ ಇಲ್ಲ. ಆದರೆ ಅದರಿಂದ ಮಾಡಿದ ‘ಕೆಲ್ಪ್’ ಮಾತ್ರೆಗಳು ‘ಥೈರಾಯ್ಡ್‌ಗೆ ಒಳ್ಳೆಯದು’, ‘ತೂಕ ಇಳಿಸುತ್ತದೆ’ ಎಂಬ ಜಾಹೀರಾತಿನೊಡನೆ ನಮ್ಮಲ್ಲೂ ಮಾರಾಟವಾಗುತ್ತಿವೆ. ಒಂದೊಂದು ಮಾತ್ರೆಯಲ್ಲಿ ಎಷ್ಟು ಅಯೋಡಿನ್ ಇದೆಯೋ ಹೇಳುವುದು ಕಷ್ಟ. ವೈದ್ಯರು ಬರೆದುಕೊಡದೆ ಇವನ್ನು ನುಂಗಬೇಡಿ.

ಉಪ್ಪಿನಿಂದ ಅಯೋಡಿನ್ ಅತಿಯಾಗುವುದೇ? ಲೆಕ್ಕ ಹಾಕಿ ನೋಡೋಣ. ಕಾನೂನಿನ ಪ್ರಕಾರ ಉಪ್ಪು ನಿಮ್ಮ ಮನೆ ತಲುಪುವ ವೇಳೆಗೆ ಅದರ ಪ್ರತಿ ಗ್ರಾಂನಲ್ಲಿ ಕನಿಷ್ಠ 15 ಮೈಕ್ರೋಗ್ರಾಂ ಅಯೋಡಿನ್ ಇರಬೇಕು. ದಿನಕ್ಕೆ 10 ಗ್ರಾಂ ಉಪ್ಪು ತಿನ್ನುವವರಿಗೆ ಇದರಿಂದ 150 ಮೈಕ್ರೋಗ್ರಾಂ ಸಿಗುತ್ತದೆ. ಹೆಚ್ಚು ಅಯೋಡಿನ್ ಉಳಿದುಕೊಂಡಿರುವ ಉಪ್ಪಾದರೂ, ಅಂದರೆ ಗ್ರಾಂಗೆ 30 ಮೈಕ್ರೋಗ್ರಾಂ ಇದ್ದರೂ, 300 ದಾಟುವುದಿಲ್ಲ. ಅಮೆರಿಕದ ತಜ್ಞರು ವಯಸ್ಕರಿಗೆ ನಿಗದಿಪಡಿಸಿರುವ ಗರಿಷ್ಠ ಮಿತಿ 1,100 ಮೈಕ್ರೋಗ್ರಾಂ. ಅಷ್ಟು ಅಯೋಡಿನ್ನನ್ನು ಉಪ್ಪಿನಿಂದಲೇ ಪಡೆಯಲು ಹೋದರೆ ಅದಕ್ಕಿಂತ ಮೊದಲೇ ರಕ್ತದೊತ್ತಡ ಕೈಕೊಡುತ್ತದೆ.

ಉಪ್ಪನ್ನು ದಿನಕ್ಕೆ 5 ಗ್ರಾಂಗೆ, ಎಂದರೆ ಸುಮಾರು ಒಂದು ಟೀ ಚಮಚಕ್ಕೆ ಇಳಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಾಗೆ ಇಳಿಸಿದವರು ಉಳಿದ ಅಯೋಡಿನ್ನನ್ನು ಹಾಲು, ಮೊಸರು, ಮೊಟ್ಟೆ, ಮೀನಿನಿಂದ ಪಡೆಯಬಹುದು. ಉಪ್ಪು ಕಡಿಮೆ ಮಾಡಿ, ಆದರೆ ತಿನ್ನುವ ಉಪ್ಪು ಅಯೋಡಿನ್‌ಯುಕ್ತವೇ ಆಗಿರಲಿ.

ಕರಾವಳಿಯ ಮೀನಿನೂಟ

ನಮ್ಮ ದೇಶದಲ್ಲಿ ಥೈರಾಯ್ಡ್ ಕ್ಯಾನ್ಸರ್ ಹೆಚ್ಚಾಗಿ ದಾಖಲಾಗುವ ಕಡೆಗಳಲ್ಲಿ ಕೇರಳದ ತಿರುವನಂತಪುರ ಒಂದು. ಅಲ್ಲಿನ ಜನ ಸಮುದ್ರದ ಮೀನು ತಿನ್ನುವುದರಿಂದ ಹೀಗಾಗಿದೆ ಎಂದು ಹೇಳುವವರಿದ್ದಾರೆ. ಹಾಗಿದ್ದರೆ ನಮ್ಮ ಮಂಗಳೂರು, ಉಡುಪಿ, ಕಾರವಾರದವರೂ ಹೆದರಬೇಕಲ್ಲವೆ? ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಮೀನು ತಿನ್ನುವವರಿಗೆ ಈ ಕ್ಯಾನ್ಸರ್ ಅಪಾಯ ಹೆಚ್ಚೆಂದು ಕಂಡುಬಂದಿಲ್ಲ. ಅಯೋಡಿನ್ ಕೊರತೆಯಿರುವ ಪ್ರದೇಶಗಳಲ್ಲಂತೂ ಮೀನು ಸ್ವಲ್ಪ ರಕ್ಷಣೆಯನ್ನೇ ಕೊಡಬಹುದೆಂಬ ಸೂಚನೆಯಿದೆ. ಕೇರಳದ ಕರುನಾಗಪಳ್ಳಿಯ ಮರಳಿನಲ್ಲಿ ಸಹಜ ವಿಕಿರಣ ಹೆಚ್ಚು. ಆದರೆ ಅದರಿಂದ ಕ್ಯಾನ್ಸರ್ ಹೆಚ್ಚಿದೆಯೆಂಬುದಕ್ಕೆ ಅಲ್ಲಿ ದೀರ್ಘಕಾಲ ನಡೆದ ಅಧ್ಯಯನದಲ್ಲಿ ಆಧಾರ ಸಿಗಲಿಲ್ಲ.

ಹಾಗಾದರೆ ಕಾರಣವೇನು? ಹುಡುಕಿದಷ್ಟೂ ಸಿಗುತ್ತದೆ ಎಂಬುದು ಒಂದು ಮುಖ್ಯ ಉತ್ತರ. ದಕ್ಷಿಣ ಕೊರಿಯಾದ ಅನುಭವ ಇದಕ್ಕೆ ಸಾಕ್ಷಿ. 1999ರಲ್ಲಿ ಅಲ್ಲಿ ಬೇರೆ ಕ್ಯಾನ್ಸರ್‌ಗಳ ಸಾಮೂಹಿಕ ತಪಾಸಣೆ ಶುರುವಾದಾಗ, ಜತೆಗೆ ಸ್ವಲ್ಪವೇ ಹಣಕ್ಕೆ ಕುತ್ತಿಗೆಯ ಸ್ಕ್ಯಾನಿಂಗನ್ನೂ ಮಾಡಲಾರಂಭಿಸಿದರು. 2011ರ ವೇಳೆಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ರಲ್ಲಿ ಇದ್ದುದರ 15 ಪಟ್ಟಾಯಿತು. ಆದರೆ ಅದರಿಂದ ಸಾಯುವವರ ಪ್ರಮಾಣ ಮೊದಲಿದ್ದಷ್ಟೇ ಇತ್ತು! ಎಂದರೆ, ಜೀವಮಾನವಿಡೀ ತೊಂದರೆ ಕೊಡದೆ ಸುಮ್ಮನಿರುತ್ತಿದ್ದ ಪುಟ್ಟ ಪುಟ್ಟ ಗಂಟುಗಳನ್ನೆಲ್ಲ ಹುಡುಕಿ ತೆಗೆದುಹಾಕಲಾಗಿತ್ತು. ಅವರಲ್ಲಿ ಬಹುಮಂದಿ ಜೀವಮಾನವಿಡೀ ಹಾರ್ಮೋನು ಮಾತ್ರೆ ನುಂಗಬೇಕಾಯಿತು. 2014ರಲ್ಲಿ ಕೊರಿಯಾದ ವೈದ್ಯರೇ ಇದರ ವಿರುದ್ಧ ದನಿಯೆತ್ತಿದ ಮೇಲೆ ಶಸ್ತ್ರಚಿಕಿತ್ಸೆಗಳು ಇಳಿದವು.

ಆದ್ದರಿಂದ ಯಾವ ತೊಂದರೆಯೂ ಇಲ್ಲದವರು ಆರೋಗ್ಯ ತಪಾಸಣೆಯ ‘ಪ್ಯಾಕೇಜ್’ನಲ್ಲಿದೆ ಎಂಬ ಕಾರಣಕ್ಕೆ ಕುತ್ತಿಗೆಯ ಸ್ಕ್ಯಾನಿಂಗ್ ಮಾಡಿಸಿಕೊಳ್ಳಬೇಕಿಲ್ಲ. ಗಂಟು ಕಣ್ಣಿಗೆ ಕಂಡರೆ, ಕೈಗೆ ಸಿಕ್ಕರೆ ಮಾತು ಬೇರೆ, ಆಗ ತಡಮಾಡಬಾರದು.

ತೂಕದ ಕಡೆಗೂ ಗಮನವಿರಲಿ

ಎಲೆಕೋಸಿನ ಬಗ್ಗೆ ಇಷ್ಟೆಲ್ಲ ಚರ್ಚೆ ನಡೆಯುವಾಗ ಬೊಜ್ಜಿನ ಬಗ್ಗೆ ಯಾರೂ ಮಾತೆತ್ತುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2016ರಲ್ಲಿ ಅತಿಯಾದ ಬೊಜ್ಜಿಗೆ ಸಂಬಂಧಿಸಿದ 13 ಕ್ಯಾನ್ಸರ್‌ಗಳನ್ನು ಹೆಸರಿಸಿತು. ಅದರಲ್ಲಿ ಥೈರಾಯ್ಡ್ ಕೂಡ ಒಂದು. ಅಪಾಯದ ಏರಿಕೆ ದೊಡ್ಡದೇನಲ್ಲ. ಆದರೂ ಕರಿದ ತಿಂಡಿ, ಬೇಕರಿ ತಿನಿಸು, ಸಕ್ಕರೆಯ ಪಾನೀಯಗಳನ್ನು ಮಿತಗೊಳಿಸಿ, ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆದರೆ ಈ ಕ್ಯಾನ್ಸರ್ ಜತೆಗೆ ಮಧುಮೇಹ, ಹೃದ್ರೋಗಗಳಿಂದಲೂ ದೂರವಿರಬಹುದು.

ಕುಡಿಯುವ ನೀರಿನಲ್ಲಿ ನೈಟ್ರೇಟ್ ಹೆಚ್ಚಿದ್ದರೂ ಅದು ಅಯೋಡಿನ್ ಹೀರಿಕೆಗೆ ಅಡ್ಡಿಯಾಗುತ್ತದೆ. ಅಮೆರಿಕದ ಅಯೋವಾ ರಾಜ್ಯದ ಮಹಿಳೆಯರ ಅಧ್ಯಯನವೊಂದರಲ್ಲಿ ಇದಕ್ಕೂ ಥೈರಾಯ್ಡ್ ಕ್ಯಾನ್ಸರ್‌ಗೂ ಸಂಬಂಧ ಕಂಡಿದೆ. ಸಾಕ್ಷ್ಯ ಇನ್ನೂ ಗಟ್ಟಿಯಾಗಿಲ್ಲ. ಆದರೆ ರಸಗೊಬ್ಬರ ಹೆಚ್ಚು ಬಳಸುವ ಹೊಲಗಳ ಪಕ್ಕದ ಕೊಳವೆಬಾವಿಯ ನೀರು ಕುಡಿಯುವವರು ಅದನ್ನು ಪರೀಕ್ಷೆ ಮಾಡಿಸುವುದು ಒಳ್ಳೆಯದು. ನಮ್ಮಲ್ಲಿ ಲೀಟರಿಗೆ 45 ಮಿಲಿಗ್ರಾಂ ಮಿತಿ. ನೀರನ್ನು ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ ಎಂಬುದೂ ನೆನಪಿರಲಿ.

ಉಪ್ಪಿನ ಡಬ್ಬಿಯ ಆರೈಕೆ

ಅಯೋಡಿನ್ ಉಪ್ಪು ತಂದರಷ್ಟೇ ಸಾಲದು. ತೇವ, ಬಿಸಿಲು, ಬಿಸಿಯಿಂದ ಅದರ ಅಯೋಡಿನ್ ಕ್ರಮೇಣ ಕಡಿಮೆಯಾಗುತ್ತದೆ. ಆದ್ದರಿಂದ ಗೃಹಿಣಿಯರು ಹೀಗೆ ಮಾಡಬಹುದು:

* ಉಪ್ಪನ್ನು ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ.
* ಒದ್ದೆ ಕೈ, ಒದ್ದೆ ಚಮಚ ಹಾಕಬೇಡಿ.
* ವರ್ಷಕ್ಕಾಗುವಷ್ಟು ಉಪ್ಪನ್ನು ಒಮ್ಮೆಲೇ ತರಬೇಡಿ; ಒಂದೆರಡು ತಿಂಗಳಿಗೆ ಸಾಕಾಗುವಷ್ಟು ತನ್ನಿ.
* ಹರಳುಪ್ಪು ಬಳಸುವವರು ಅದನ್ನು ತೊಳೆಯಬೇಡಿ. ಅಯೋಡಿನ್ ನೀರಿನ ಜತೆ ಹೋಗಿಬಿಡುತ್ತದೆ.
* ಸಾರು, ಪಲ್ಯಗಳಿಗೆ ಉಪ್ಪನ್ನು ಇಳಿಸುವ ಹೊತ್ತಿಗೆ ಹಾಕಿ.
* ಸೈಂಧವ ಲವಣ, ಗುಲಾಬಿ ಬಣ್ಣದ ಹಿಮಾಲಯದ ಉಪ್ಪುಗಳಲ್ಲಿ ಸಹಜವಾಗಿ ಸಾಕಷ್ಟು ಅಯೋಡಿನ್ ಇರುವುದಿಲ್ಲ. ಮನೆಯಲ್ಲಿ ಗರ್ಭಿಣಿ ಅಥವಾ ಚಿಕ್ಕ ಮಕ್ಕಳಿದ್ದರೆ ಇವನ್ನೇ ನಿತ್ಯದ ಉಪ್ಪಾಗಿ ಬಳಸಬೇಡಿ.

ಕಾಯಿಲೆ ಬಂದವರ ಊಟ

ಈಗಾಗಲೇ ಥೈರಾಯ್ಡ್ ಕ್ಯಾನ್ಸರ್ ಇರುವವರ ವಿಷಯದಲ್ಲಿ ಪಥ್ಯಕ್ಕೆ ನಿಶ್ಚಿತವಾದ ಸ್ಥಾನವೊಂದಿದೆ. ಶಸ್ತ್ರಚಿಕಿತ್ಸೆಯ ನಂತರ ಕೆಲವರಿಗೆ ವಿಕಿರಣಶೀಲ ಅಯೋಡಿನ್ ಚಿಕಿತ್ಸೆ ಕೊಡುತ್ತಾರೆ. ಚೆರ್ನೋಬಿಲ್‌ನಲ್ಲಿ ಮಕ್ಕಳಿಗೆ ಹಾನಿ ಮಾಡಿದ ಅದೇ ಅಯೋಡಿನ್-131 ಇಲ್ಲಿ ಔಷಧಿಯಾಗುತ್ತದೆ. ಉಳಿದಿರಬಹುದಾದ ಕ್ಯಾನ್ಸರ್ ಕೋಶಗಳೊಳಗೆ ಹೊಕ್ಕು ಅವನ್ನು ನಾಶ ಮಾಡುತ್ತದೆ. ಆ ಕೋಶಗಳು ಅಯೋಡಿನ್‌ಗಾಗಿ ಹಸಿದಿದ್ದರೆ ಔಷಧಿ ಚೆನ್ನಾಗಿ ಹಿಡಿಯುತ್ತದೆ. ಅದಕ್ಕಾಗಿ ಚಿಕಿತ್ಸೆಗೆ ಒಂದೆರಡು ವಾರ ಮೊದಲಿನಿಂದ ಅಯೋಡಿನ್ ಕಡಿಮೆಯಿರುವ ಊಟ ಮಾಡಬೇಕು.

ಆ ದಿನಗಳಲ್ಲಿ ಅಯೋಡಿನ್ ಉಪ್ಪು, ಸಮುದ್ರದ ಮೀನು, ಸೀಗಡಿ, ಒಣಮೀನು, ಮೊಟ್ಟೆಯ ಹಳದಿ, ಹಾಲು-ಮೊಸರು, ಬೇಕರಿ ಮತ್ತು ಹೋಟೆಲ್ ತಿಂಡಿ, ಪೊಟ್ಟಣದ ಕುರುಕಲು, ಅಂಗಡಿಯ ಉಪ್ಪಿನಕಾಯಿ, ಹಪ್ಪಳ, ಕೆಂಪು ಬಣ್ಣ ಹಾಕಿದ ಸಿಹಿತಿಂಡಿ ಇವೆಲ್ಲ ವರ್ಜ್ಯ. ಮನೆಯಲ್ಲೇ ಮಾಡಿದ ಅನ್ನ, ಮುದ್ದೆ, ಚಪಾತಿ, ಬೇಳೆ, ತಾಜಾ ತರಕಾರಿ, ಹಣ್ಣು ತಿನ್ನಬಹುದು. ಅಯೋಡಿನ್ ಇಲ್ಲದ ಉಪ್ಪನ್ನು ಎಲ್ಲಿಂದ ತರಬೇಕೆಂದು ಚಿಕಿತ್ಸೆ ಕೊಡುವ ವೈದ್ಯರನ್ನೇ ಕೇಳಿ. ಈ ಪಥ್ಯ ಆ ಒಂದೆರಡು ವಾರಗಳಿಗೆ ಮಾತ್ರ. ಚಿಕಿತ್ಸೆ ಮುಗಿದು ವೈದ್ಯರು ಹೇಳಿದ ಮೇಲೆ ಮಾಮೂಲಿ ಊಟಕ್ಕೆ ಮರಳಬೇಕು. ವರ್ಷಗಟ್ಟಲೆ ಸಪ್ಪೆ ತಿಂದು ಸೊರಗುವ ಅಗತ್ಯವಿಲ್ಲ. ಗರ್ಭಿಣಿಯರಿಗೂ ಹಾಲುಣಿಸುವವರಿಗೂ ಈ ಚಿಕಿತ್ಸೆ ಕೊಡುವಂತಿಲ್ಲವಾದ್ದರಿಂದ ಅಂಥ ಸಂದೇಹವಿದ್ದರೆ ಸಂಕೋಚ ಬಿಟ್ಟು ಮೊದಲೇ ತಿಳಿಸಿ.

ಗ್ರಂಥಿಯನ್ನು ಪೂರ್ತಿ ತೆಗೆಸಿಕೊಂಡವರಿಗೆ ಕೆಲವೊಮ್ಮೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುತ್ತದೆ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜೋಮು ಹಿಡಿದಂತಾದರೆ, ಕೈಕಾಲು ಸೆಳೆತುಕೊಂಡರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ರಾಗಿ, ಎಳ್ಳು, ಹಾಲು ಒಳ್ಳೆಯವೇ. ಆದರೆ ಆ ಹೊತ್ತಿನಲ್ಲಿ ಅವನ್ನೇ ನಂಬಿ ಕೂರುವಂತಿಲ್ಲ, ಮಾತ್ರೆ ಬೇಕಾಗುತ್ತದೆ.

ಕೆಲವು ಪ್ರಶ್ನೆಗಳು

*ಥೈರಾಯ್ಡ್ ಮಾತ್ರೆಯನ್ನು ಹೇಗೆ ತೆಗೆದುಕೊಳ್ಳಬೇಕು?*
ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬರಿ ನೀರಿನೊಂದಿಗೆ. ಕಾಫಿ, ತಿಂಡಿ ಅರ್ಧದಿಂದ ಒಂದು ಗಂಟೆಯ ನಂತರ. ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಸೋಯಾ ಪದಾರ್ಥಗಳೂ ಮಾತ್ರೆಯ ಹೀರಿಕೆಯನ್ನು ತಗ್ಗಿಸುತ್ತವೆ.

*ರಾಗಿ, ಸಜ್ಜೆ ಬಿಡಬೇಕೇ?*
ಸುಡಾನಿನಲ್ಲಿ ಸಜ್ಜೆಯನ್ನೇ ಮುಖ್ಯ ಆಹಾರವಾಗಿ ತಿನ್ನುವ ಕೆಲವು ಕಡೆ ಗಳಗಂಡಕ್ಕೂ ಅದಕ್ಕೂ ಸಂಬಂಧ ಕಂಡಿದ್ದಾರೆ. ಅಲ್ಲಿ ಅಯೋಡಿನ್ ಕೊರತೆಯೂ ಇತ್ತು. ಅಯೋಡಿನ್ ಉಪ್ಪು ತಿನ್ನುವವರು ರಾಗಿ ಮುದ್ದೆಯನ್ನಾಗಲೀ ಸಜ್ಜೆ ರೊಟ್ಟಿಯನ್ನಾಗಲೀ ಕ್ಯಾನ್ಸರ್‌ಗೆ ಹೆದರಿ ಬಿಡಬೇಕಿಲ್ಲ.

*ಗಂಟೆಂದರೆ ಕ್ಯಾನ್ಸರೇ?*
ಅಲ್ಲ. ಥೈರಾಯ್ಡ್ ಗಂಟುಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ನಿರುಪದ್ರವಿ. ಸ್ಕ್ಯಾನಿಂಗ್ ಮತ್ತು ಅಗತ್ಯವಿದ್ದರೆ ಸಣ್ಣ ಸೂಜಿಯಿಂದ ಕೋಶ ತೆಗೆದು ನೋಡುವ ಪರೀಕ್ಷೆಯಿಂದ ತಿಳಿಯುತ್ತದೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ಬೇಡ.

*ಪಥ್ಯದಿಂದಲೇ ಗಂಟು ಕರಗುವುದಿಲ್ಲವೇ?*
ಕ್ಯಾನ್ಸರ್ ಗಂಟನ್ನು ಕರಗಿಸುವ ಯಾವ ಆಹಾರವೂ ಇಲ್ಲ. ಪಥ್ಯದಲ್ಲಿ ಕಳೆಯುವ ತಿಂಗಳುಗಳು ಚಿಕಿತ್ಸೆಯಿಂದ ಕಳೆದುಕೊಂಡ ತಿಂಗಳುಗಳು.

ಯಾವಾಗ ವೈದ್ಯರಲ್ಲಿಗೆ?

ಕನ್ನಡಿಯ ಮುಂದೆ ನಿಂತು ಗದ್ದ ಸ್ವಲ್ಪ ಮೇಲೆತ್ತಿ ಒಂದು ಗುಟುಕು ನೀರು ನುಂಗಿ. ನುಂಗುವಾಗ ಮೇಲೆ ಕೆಳಗೆ ಚಲಿಸುವ ಗಂಟು ಕಂಡರೆ ಅದು ಥೈರಾಯ್ಡ್ ಗ್ರಂಥಿಯದಿರಬಹುದು. ಗಂಟು ಬೇಗ ಬೇಗ ದೊಡ್ಡದಾಗುತ್ತಿದ್ದರೆ, ಕಲ್ಲಿನಂತೆ ಗಟ್ಟಿಯಾಗಿದ್ದರೆ, ದನಿ ಗೊಗ್ಗರಾಗಿ ಮೂರು ವಾರವಾದರೂ ಸರಿಹೋಗದಿದ್ದರೆ, ನುಂಗಲು ಇಲ್ಲವೆ ಉಸಿರಾಡಲು ಕಷ್ಟವಾದರೆ, ಕುತ್ತಿಗೆಯ ಪಕ್ಕದಲ್ಲೂ ಗಡ್ಡೆಗಳು ಕಂಡರೆ, ಮನೆತನದಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಬಂದಿದ್ದರೆ ತಡಮಾಡದೆ ತೋರಿಸಿಕೊಳ್ಳಿ. ಮಕ್ಕಳ ಕೊರಳಿನ ಗಂಟನ್ನಂತೂ ಎಂದಿಗೂ ಅಲಕ್ಷಿಸಬೇಡಿ.

ಊಟದ ವಿಷಯದಲ್ಲಿ ನೀವು ಮಾಡಬೇಕಾದದ್ದು ಹೆಚ್ಚೇನಿಲ್ಲ. ಅಯೋಡಿನ್ ಇರುವ ಉಪ್ಪನ್ನು ಹಿತಮಿತವಾಗಿ ಬಳಸಿ, ತರಕಾರಿಗಳನ್ನು ಬೇಯಿಸಿ ತಿನ್ನಿ, ತೂಕ ಏರದಂತೆ ನೋಡಿಕೊಳ್ಳಿ, ಜಾಹೀರಾತಿನ ಮಾತ್ರೆಗಳಿಂದ ದೂರವಿರಿ. ಕೊರಳಲ್ಲಿ ಗಂಟು ಕಂಡ ದಿನ ಮಾತ್ರ ಅಡುಗೆಮನೆಯ ಚರ್ಚೆಯನ್ನು ಬದಿಗಿಟ್ಟು ವೈದ್ಯರ ಬಳಿಗೆ ಹೊರಡಿ.